ಪಂಚಾಂಗದಲ್ಲಿಲ್ಲದ ಹಬ್ಬ

ಊಟಕ್ಕೆ ಕೂತವರನ್ನು ಒಬ್ಬೊಬ್ಬರಾಗಿ ಹಿಡಿದು "ನೀನು ಯಾವುದಕ್ಕೆ ಕೃತಜ್ಞ, ಹೇಳು" ಎಂದು ಕೇಳುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ತಟ್ಟೆಯಲ್ಲಿ ಅನ್ನ ಆರುತ್ತಿರುತ್ತದೆ, ಹೊಟ್ಟೆ ಚುರುಗುಟ್ಟುತ್ತಿರುತ್ತದೆ, ಅವರಿಗೆ ಮಾತ್ರ ನನ್ನ ಬಾಯಿಂದ ಒಂದು ಒಳ್ಳೆಯ ಮಾತು ಉದುರಬೇಕು. ಗೆಳತಿಯರ ಮನೆಯಲ್ಲಿ ಇಂಥದ್ದು ಶುರುವಾದರೆ ಕೈ ತೊಳೆಯುವ ನೆಪ ಹೇಳಿ ಎದ್ದು ಹೋಗುತ್ತೇನೆ. ಅವರು ಇದನ್ನು ಸಿಡುಕುತನ ಅನ್ನುತ್ತಾರೆ. ಅನ್ನಲಿ. ಆದರೆ ಇದು ನನಗೆ ಹುಟ್ಟಿನಿಂದ ಬಂದದ್ದಲ್ಲ. ಕೋವಿಡ್ ವರ್ಷಗಳಲ್ಲಿ, ಮಲೇಷ್ಯಾದ ಕ್ಲಾಂಗ್‌ನ ನಮ್ಮ ಮನೆಯಲ್ಲಿ, ನನ್ನ ಹದಿಮೂರನೇ ವಯಸ್ಸಿನಲ್ಲಿ ಅಪ್ಪ ಅಮ್ಮ ಸೇರಿ ನನಗೆ ಕಲಿಸಿದ್ದು.

ನಮ್ಮದು ಸಾಲುಮನೆ. ಎಡಗೋಡೆಯ ಆಚೆ ಸರೋಜಾ ಆಂಟಿಯ ತಮಿಳು ಸಂಸಾರ, ಬಲಗೋಡೆಯ ಆಚೆ ಬಾಗಿಲು ತೆರೆಯದ ಒಂದು ಚೀನೀ ಕುಟುಂಬ, ಮುಂದೆ ಕಾರು ನಿಲ್ಲಿಸುವಷ್ಟು ಜಾಗ, ಅದಕ್ಕೊಂದು ಕಿರುಗುಡುವ ಕಬ್ಬಿಣದ ಗೇಟು. ಅಪ್ಪನಿಗೆ ಬಂದರಿನಲ್ಲಿ ಕೆಲಸ. ಯಾವ ಕಂಟೇನರ್ ಯಾವ ಹಡಗಿಗೆ ಹೋಗಬೇಕು, ಯಾವುದು ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆ ಎಂಬುದೇ ಅವನ ಹಗಲೂ ರಾತ್ರಿಯ ಚಿಂತೆ. ಅಮ್ಮ ಬಾಂಗ್ಸಾರ್‌ನಲ್ಲಿದ್ದ ಒಂದು ಅಮೆರಿಕನ್ ಕಂಪನಿಯ ಆಫೀಸಿಗೆ ರೈಲಿನಲ್ಲಿ ಹೋಗಿ ಬರುತ್ತಿದ್ದಳು. ನನ್ನನ್ನು ಸಾಕಿದವಳು ಅಜ್ಜಿ, ಅಪ್ಪನ ತಾಯಿ. ತಾತ ತೀರಿಕೊಂಡ ಮೇಲೆ ಅಪ್ಪ ಅವಳನ್ನು ಮಂಡ್ಯದ ಕಡೆಯ ತನ್ನ ಊರಿನಿಂದ ಕರೆತಂದಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಮೆಟ್ಟಿಲು ಹತ್ತಲು ಮಂಡಿ ಬಿಡುತ್ತಿರಲಿಲ್ಲವಾದ್ದರಿಂದ ಅಡುಗೆಮನೆಯ ಪಕ್ಕದ ಕೆಳಗಿನ ಕೋಣೆ ಅವಳದಾಯಿತು. ಮಹಡಿಯಲ್ಲಿ ನನಗೆಂದು ಗುಲಾಬಿ ಬಣ್ಣ ಬಳಿಸಿದ ಕೋಣೆಯಿತ್ತು, ಆದರೆ ನಾನು ಮಲಗುತ್ತಿದ್ದದ್ದು ಅಜ್ಜಿಯ ಪಕ್ಕದಲ್ಲಿ.

ಅಜ್ಜಿಗೆ ಓದು ಎಂದರೆ ಕಾಲ ಕಸ. ನಾನು ಹೋಮ್‌ವರ್ಕ್‌ಗೆ ಕೂತರೆ ಸಾಕು, ಎಣ್ಣೆ ಬಟ್ಟಲು ಹಿಡಿದು ಬಂದುಬಿಡುತ್ತಿದ್ದಳು.

"ಆ ಬುಕ್ಕೇನು ಎದ್ದು ಓಡೋಯ್ತದಾ? ಬಾ ಕೂಸೇ, ತಲೆ ನೋಡು ಹೆಂಗಾಗದೆ. ಕಾಗೆ ಗೂಡು ಕಟ್ಟತದೆ ಅಷ್ಟೇ."

ಅಮ್ಮ ಮಹಡಿಯಿಂದ "ಅತ್ತೆ, ಅವಳಿಗೆ ನಾಳೆ ಟೆಸ್ಟ್ ಇದೆ" ಎಂದು ಕೂಗಿದರೆ, ಅಜ್ಜಿ ನನ್ನ ತಲೆಯನ್ನು ಇನ್ನಷ್ಟು ಗಟ್ಟಿಯಾಗಿ ತನ್ನ ಮಂಡಿಗಳ ನಡುವೆ ಹಿಡಿದುಕೊಳ್ಳುತ್ತಿದ್ದಳು. ಕನ್ನಡ ಬಿಟ್ಟರೆ ಇನ್ನೊಂದು ಭಾಷೆ ಬರದ ಈ ಹೆಂಗಸು ಕ್ಲಾಂಗ್‌ನ ಮಾರುಕಟ್ಟೆಯನ್ನೆಲ್ಲ ಆಳಿದಳು. ಕೋಳಿ ಅಂಗಡಿಯವನ ಜೊತೆ ಕನ್ನಡದಲ್ಲೇ ಜಗಳವಾಡಿ ಗೆದ್ದು ಬರುತ್ತಿದ್ದಳು. ಸರೋಜಾ ಆಂಟಿ ತಮಿಳಿನಲ್ಲಿ, ಇವಳು ಕನ್ನಡದಲ್ಲಿ, ಗೇಟಿನ ಬಳಿ ಗಂಟೆಗಟ್ಟಲೆ ಹರಟೆ. ಸಿಟ್ಟು ಬಂದರೆ ಬೀದಿಗೆಲ್ಲ ಕೇಳಿಸುವ ಹಾಗೆ ಕೂಗುತ್ತಿದ್ದಳು, ಅರ್ಧ ಗಂಟೆಯಲ್ಲಿ ಅದನ್ನು ಮರೆತು ಮುದ್ದೆ ತಿರುವಲು ನಿಲ್ಲುತ್ತಿದ್ದಳು.

ಅವಳ ಒಂದು ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಅಪ್ಪ ಅಮ್ಮ ನನ್ನ ಮುಂದೆ ಕಣ್ಸನ್ನೆ ಮಾಡಿಕೊಳ್ಳುತ್ತಿದ್ದರು, ದನಿ ತಗ್ಗಿಸುತ್ತಿದ್ದರು. ಅಜ್ಜಿಗೆ ಆ ನಾಜೂಕು ಗೊತ್ತಿರಲಿಲ್ಲ. ಊಟದ ನಡುವೆಯೇ "ಕಾಳಮ್ಮ ಸತ್ತೋದ್ಲಂತೆ" ಎಂದು ಬಿಡುತ್ತಿದ್ದಳು. ಹೇಗೆ ಸತ್ತಳು, ಹತ್ತಿರ ಯಾರಿದ್ದರು, ಕೊನೆಗೆ ಏನು ಕೇಳಿದಳು, ಯಾವ ಸೊಸೆ ನೀರು ಬಿಟ್ಟಳು, ಯಾವ ಸೊಸೆ ಬಿಡಲಿಲ್ಲ, ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದಳು. ಹೇಳುತ್ತಾ ಅಳುತ್ತಿದ್ದಳು. ಅಳುತ್ತಲೇ ಆ ಕಾಳಮ್ಮ ಮದುವೆಮನೆಯಲ್ಲಿ ಕದ್ದು ತಿಂದ ಚಿರೋಟಿಯ ಕಥೆ ತೆಗೆದು ನಗುತ್ತಿದ್ದಳು. ಆಮೇಲೆ ಮೂಗು ಒರೆಸಿಕೊಂಡು ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳುತ್ತಿದ್ದಳು. ನಾನು ಕಣ್ಣಾರೆ ಕಾಣದ ಎಷ್ಟೋ ಜನರ ಸಾವು ನನಗೆ ಹೀಗೆ ಗೊತ್ತು.

ಅಂಥವಳು ದೊಡ್ಡಪ್ಪನ ಮಗಳ ಮದುವೆಗೆಂದು ಮೈಸೂರಿಗೆ ಹೋದಳು. ಮದುವೆ ಮುಗಿಯಿತು, ವಿಮಾನಗಳು ನಿಂತವು, ಗಡಿ ಮುಚ್ಚಿತು. ಇಲ್ಲಿಯೂ ಲಾಕ್‌ಡೌನ್. ಅಜ್ಜಿ ದೊಡ್ಡಪ್ಪನ ಮನೆಯಲ್ಲೇ ಉಳಿದಳು. ಮೊದಲು ಮುಂದಿನ ತಿಂಗಳು ಬರುತ್ತಾಳೆ ಅಂದರು, ಆಮೇಲೆ ದೀಪಾವಳಿಗೆ ಅಂದರು, ಆಮೇಲೆ ಏನೂ ಅನ್ನುವುದನ್ನು ಬಿಟ್ಟರು. ಅಷ್ಟರಲ್ಲಿ ಅಮ್ಮನ ಆಫೀಸು ಮನೆಗೇ ಬಂದಿತ್ತು. ಅವಳಿಗೊಂದು ಬಾಗಿಲು ಹಾಕಿಕೊಳ್ಳುವ ಕೋಣೆ ಬೇಕಾಯಿತು. ಒಂದು ಶನಿವಾರ ನಾನು ಕೆಳಗಿಳಿದು ಬಂದರೆ ಅಜ್ಜಿಯ ಮಂಚ ಗೋಡೆಗೆ ನಿಂತಿತ್ತು. ಅವಳ ಸೀರೆಗಳು ಪ್ಲಾಸ್ಟಿಕ್ ಡಬ್ಬದೊಳಗೆ ಹೋಗಿದ್ದವು. ಕಿಟಕಿಯ ಬಳಿ ಮೇಜು, ಅದರ ಮೇಲೆ ಮುಖಕ್ಕೆ ಬೆಳಕು ಬಿಡುವ ದುಂಡನೆಯ ದೀಪ. ನಾನು ಕಿರುಚಾಡಿದೆ. "ಅಜ್ಜಿ ಬಂದ ತಕ್ಷಣ ತೆಗೀತೀನಿ ಕಣೆ" ಎಂದು ಅಮ್ಮ ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ ಹೇಳಿದಳು. ಆ ದಿನದಿಂದ ನಾನು ಗುಲಾಬಿ ಕೋಣೆಯಲ್ಲಿ ಒಬ್ಬಳೇ ಮಲಗುವುದನ್ನು ಕಲಿತೆ.

ಎರಡನೇ ಅಲೆ ಬಂದಾಗ ನನಗೆ ಪರೀಕ್ಷೆ. ಪರೀಕ್ಷೆ ಅಂದರೆ ಮಹಾ ಏನಲ್ಲ, ಆನ್‌ಲೈನ್‌ನಲ್ಲಿ ನಡೆದ ಅರ್ಧವಾರ್ಷಿಕ ಪರೀಕ್ಷೆ. ಅದರಲ್ಲಿ ಎಷ್ಟು ಅಂಕ ಬಂದವು ಎಂದು ಈಗ ಯಾರನ್ನು ಕೇಳಿದರೂ ಗೊತ್ತಿಲ್ಲ. ಅಜ್ಜಿಗೆ ಸ್ವಲ್ಪ ಜ್ವರ, ಮಲಗಿದ್ದಾಳೆ, ಫೋನ್ ಮಾಡಬೇಡ ಅಂದರು. ಸರಿ ಅಂದುಕೊಂಡೆ. ಆ ದಿನಗಳಲ್ಲಿ ನಮ್ಮ ಮನೆಯ ಊಟ ಕೆಟ್ಟುಹೋಗಿತ್ತು. ಬೇಳೆ ಬೇಯಿಸಿ ಉಪ್ಪು ಹಾಕಿದ ಸಾರು, ಮೇಲೆ ಸಾಸಿವೆಯಿಲ್ಲ, ಕರಿಬೇವಿಲ್ಲ, ಒಂದು ತೊಟ್ಟು ಎಣ್ಣೆಯಿಲ್ಲ. ಭಾನುವಾರದ ಕೋಳಿ ಇಲ್ಲ. ಕೇಳಿದರೆ ಎಣ್ಣೆ ಮುಗಿದಿದೆ, ಕೋಳಿ ಅಂಗಡಿ ಮುಚ್ಚಿದೆ, ಲಾಕ್‌ಡೌನ್ ಅಲ್ಲವಾ ಅಂದರು. ದೇವರ ಗೂಡಿನಲ್ಲಿ ದೀಪ ಹಚ್ಚುತ್ತಿರಲಿಲ್ಲ, ಅದಕ್ಕೂ ಎಣ್ಣೆಯದೇ ಕಾರಣ. ಅಪ್ಪ ಬೆನ್ನುನೋವು ಎಂದು ಹೇಳಿ ಹಾಲಿನಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದ. ನಾನು ತಟ್ಟೆ ತಳ್ಳಿ ಮುಖ ಸಿಂಡರಿಸುತ್ತಿದ್ದೆ.

"ಇಟ್ಸ್ ಸೋ ಬ್ಲ್ಯಾಂಡ್ ಅಮ್ಮಾ! ಹಾಸ್ಪಿಟಲ್ ಫುಡ್ ಥರ ಇದೆ."

ಸಾಮಾನ್ಯವಾಗಿ ಇಂಥ ಮಾತಿಗೆ ಸೌಟು ತೋರಿಸುವ ಅಮ್ಮ ಉಪ್ಪಿನಕಾಯಿ ಜಾಡಿ ನನ್ನ ಕಡೆ ತಳ್ಳಿದಳು. ಒಂದು ಮಧ್ಯಾಹ್ನ ಊಟ ಮಾಡುತ್ತಾ ಫೋನಿನಲ್ಲಿ ಯಾವುದೋ ಬೆಕ್ಕಿನ ವಿಡಿಯೋ ನೋಡಿ ನಾನು ಅನ್ನ ಹೊರಬೀಳುವಷ್ಟು ನಕ್ಕೆ. ಅಪ್ಪ ನನ್ನನ್ನೇ ನೋಡುತ್ತಿದ್ದ. ಅವನಿಗೂ ಆ ವಿಡಿಯೋ ತೋರಿಸಿದೆ. ಅವನು ಪೂರ್ತಿ ನೋಡಿ, "ಚೆನ್ನಾಗಿದೆ ಪುಟ್ಟ" ಎಂದು ಫೋನ್ ವಾಪಸು ಕೊಟ್ಟ.

ಕೊನೆಯ ಪರೀಕ್ಷೆ ಮುಗಿದ ದಿನ ಅಪ್ಪ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದ. ಹೋಟೆಲಿನಲ್ಲಿ ಕೂತು ತಿನ್ನುವಂತಿರಲಿಲ್ಲ, ಎಲ್ಲವೂ ತಪಾವ್, ಅಂದರೆ ಕಟ್ಟಿಸಿಕೊಂಡು ಹೋಗುವುದು. ತಮಿಳು ಮುಸಲ್ಮಾನರು ನಡೆಸುವ ಮಾಮಕ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ ನನಗೆ ಪರೋಟ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಚಹಾ ಕೊಡಿಸಿದ. ನಾನು ಪರೋಟವನ್ನು ಗೊಜ್ಜಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡಿದ್ದೆ. ಏಸಿ ಓಡುತ್ತಿತ್ತು.

"ಪುಟ್ಟ, ಅಜ್ಜಿ ಹೋಗ್ಬಿಟ್ರು."

"ಎಲ್ಲಿಗೆ?" ಅಂದೆ. ಅವಳು ಊರಿಗೋ ಇನ್ನೊಬ್ಬ ನೆಂಟರ ಮನೆಗೋ ಹೋಗಿರಬೇಕು ಎಂದುಕೊಂಡೆ.

ಅವನು ಸ್ಟೀರಿಂಗ್ ನೋಡುತ್ತಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ನನ್ನ ಪರೀಕ್ಷೆ ಶುರುವಾದ ದಿನವೇ ಹೋದದ್ದು. ಪುಣ್ಯಕ್ಕೆ ಬೆಡ್ ಸಿಕ್ಕಿತು. ನೋವಿಲ್ಲದೆ ಹೋದರು. ದೊಡ್ಡಪ್ಪ ಕಾರ್ಯವನ್ನೆಲ್ಲ ಮಾಡಿದ್ದಾರೆ, ನೆನ್ನೆ ತಿಥಿಯೂ ಮುಗಿಯಿತು. ಎಷ್ಟೋ ಜನಕ್ಕೆ ಅದೂ ಇಲ್ಲ, ನಾವು ಅದಕ್ಕೆ ಥ್ಯಾಂಕ್‌ಫುಲ್ ಆಗಿರಬೇಕು. ಕೊನೆಯ ಮಾತನ್ನು ಹೀಗೆಯೇ ಇಂಗ್ಲಿಷಿನಲ್ಲಿ ಹೇಳಿದ. ನನ್ನ ಬಾಯಲ್ಲಿ ಇನ್ನೂ ಪರೋಟ ಇತ್ತು. ಉಗಿಯಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಮನೆಗೆ ಬಂದರೆ ಅಡುಗೆಮನೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಆಗ ಅರ್ಥವಾಯಿತು. ಸಾವಿನ ಮನೆಯಲ್ಲಿ ತಿಥಿಯಾಗುವವರೆಗೆ ಒಗ್ಗರಣೆ ಹಾಕುವುದಿಲ್ಲ, ಮಾಂಸ ಬೇಯಿಸುವುದಿಲ್ಲ, ದೇವರ ದೀಪ ಹಚ್ಚುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟವಳೂ ಅಜ್ಜಿಯೇ. ನಾನು ಅಷ್ಟೂ ದಿನ ಅವಳ ಸೂತಕದ ಊಟ ಉಂಡಿದ್ದೆ. ಉಂಡು ರುಚಿಯಿಲ್ಲ ಎಂದು ಮೂಗು ಮುರಿದಿದ್ದೆ. ಅವಳ ಸಾವಿನ ಊಟದ ಮುಂದೆ ಕೂತು ಬೆಕ್ಕಿನ ವಿಡಿಯೋ ನೋಡಿ ನಗುವ ಹಾಗೆ ನನ್ನನ್ನು ಮಾಡಿದವರು ನನ್ನ ಸ್ವಂತ ಅಪ್ಪ ಅಮ್ಮ. ಹಾಗೆ ನೋಡಿದರೆ ಶಾಸ್ತ್ರದಲ್ಲಿ ಅವರು ಒಂದನ್ನೂ ಬಿಟ್ಟಿರಲಿಲ್ಲ, ನನಗೆ ಹೇಳುವುದನ್ನು ಮಾತ್ರ ಬಿಟ್ಟಿದ್ದರು. ಅವರ ಸೂತಕ ಕಳೆದಿತ್ತು. ನನ್ನ ಅಳು ಶುರುವಾಗುವ ಹೊತ್ತಿಗೆ ಮನೆಯಲ್ಲಿ ಎಲ್ಲ ಮಾಮೂಲಾಗಿತ್ತು. ನಾನು ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅಮ್ಮ ಬಾಗಿಲ ಹೊರಗೆ ನಿಂತು, "ಊಟ ಆರುತ್ತೆ ಬಾ" ಅಂದಳು.

ಆಮೇಲಿನ ತಿಂಗಳುಗಳಲ್ಲಿ ಯಾರೂ ಅಜ್ಜಿಯ ಸಾವಿನ ಮಾತೆತ್ತಲಿಲ್ಲ. ನಾನು ಎತ್ತಿದರೆ ಅಪ್ಪನಿಗೆ ಫೋನ್ ಬರುತ್ತಿತ್ತು, ಅಮ್ಮನಿಗೆ ಮೀಟಿಂಗ್ ಇರುತ್ತಿತ್ತು. ಹೇಗಾಯಿತು ಎಂದು ಕೇಳಿದರೆ "ಶಾಂತಿಯಾಗಿ" ಎಂಬ ಒಂದೇ ಉತ್ತರ. ಜೀವಮಾನವಿಡೀ ಒಂದು ದಿನವೂ ಶಾಂತಿಯಾಗಿರದ ಹೆಂಗಸು ಸಾಯುವಾಗ ಮಾತ್ರ ಹೇಗೆ ಶಾಂತಿಯಾದಳು ಎಂದು ನನಗೆ ಅನುಮಾನ. ಆದರೆ ವರ್ಷ ತುಂಬುವವರೆಗೆ ಹಬ್ಬವಿಲ್ಲ ಎಂಬ ನಿಯಮವನ್ನು ಅಪ್ಪ ಬಿಗಿಯಾಗಿ ಹಿಡಿದ. ಗೌರಿ ಹಬ್ಬ ಇಲ್ಲ, ಗಣೇಶ ಇಲ್ಲ. ದೀಪಾವಳಿಯಲ್ಲಿ ಸರೋಜಾ ಆಂಟಿಯ ಮನೆಯವರೆಗೂ ದೀಪ, ನಮ್ಮ ಗೇಟಿನಿಂದ ಕತ್ತಲೆ. ಮುಂದಿನ ಜಗಲಿಯ ಬಲ್ಬನ್ನೂ ಅಪ್ಪ ಆರಿಸಿದ. ಇಷ್ಟೆಲ್ಲ ಮಾಡುವವನಿಗೆ ಮಗಳ ಮುಂದೆ ಕೂತು ತಾಯಿಯ ಹೆಸರು ಹೇಳಲು ಏನು ದಾಡಿಯಾಗಿತ್ತೋ.

ದೀಪಾವಳಿ ಕಳೆದು ಕೆಲವು ವಾರಗಳಾದ ಮೇಲೆ ಅಮ್ಮನ ಕಂಪನಿಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಬಂತು. ಅದು ಅಮೆರಿಕದವರ ಹಬ್ಬ. ಬಾಂಗ್ಸಾರ್ ಆಫೀಸಿನ ಮಲಯರಿಗೂ ಚೀನೀಯರಿಗೂ ತಮಿಳರಿಗೂ ಅದು ಯಾವ ಜನ್ಮದ ನಂಟೂ ಅಲ್ಲ. ಆದರೆ ಅಮೆರಿಕದಲ್ಲಿದ್ದ ದೊಡ್ಡ ಮೇಡಂಗೆ ಆ ವರ್ಷ ಎಲ್ಲರೂ ಕುಟುಂಬ ಸಮೇತ ವಿಡಿಯೋದಲ್ಲಿ ಬಂದು, ಮುಂದೆ ಊಟ ಇಟ್ಟುಕೊಂಡು, ಒಬ್ಬೊಬ್ಬರೂ ಕೃತಜ್ಞತೆ ಹೇಳಬೇಕು, ತೀರಿಕೊಂಡವರನ್ನು ನೆನೆಯಬೇಕು ಎಂಬ ಆಸೆಯಾಯಿತು. ಅಮ್ಮನಿಗೆ ಇಕ್ಕಟ್ಟು. ವರ್ಷ ತುಂಬದ ಮನೆಯಲ್ಲಿ ಹಬ್ಬದೂಟ ಹೇಗೆ? ಅಪ್ಪ ಮೈಸೂರಿಗೆ ಫೋನ್ ಹಚ್ಚಿ ದೊಡ್ಡಪ್ಪನನ್ನು ಕೇಳಿದ. ಸ್ಪೀಕರಿನಲ್ಲಿ ನಾವೆಲ್ಲ ಕೇಳಿಸಿಕೊಂಡೆವು.

"ಪಂಚಾಂಗದಲ್ಲಿ ಐತಾ ಅದು?"

"ಇಲ್ಲ ಅಣ್ಣ."

"ಪೂಜೆಗೀಜೆ?"

"ಏನಿಲ್ಲ. ಎಲ್ಲ ಕೂತು ಉಣ್ಣೋದು."

"ಮತ್ತೇನ್ಲಾ, ಹಬ್ಬ ಎಂಗಾಯ್ತದೆ? ಊಟ ಅದು. ಮಾಡ್ಕಳಿ."

ಹೀಗೆ ಸ್ವಂತ ಹಬ್ಬಗಳೆಲ್ಲ ನಿಂತ ವರ್ಷದಲ್ಲಿ ಕಂಡವರ ಹಬ್ಬಕ್ಕೆ ನಮ್ಮ ಮನೆಯಲ್ಲಿ ಅಪ್ಪಣೆ ಸಿಕ್ಕಿತು. ನನ್ನ ಪಿತ್ತ ನೆತ್ತಿಗೇರಿತು. ಅಮ್ಮ ಮಾತ್ರ ಹುರುಪಿನಲ್ಲಿದ್ದಳು. ಆಫೀಸಿನಿಂದ ಒಂದು ಪೆಟ್ಟಿಗೆ ಬಂತು. ಅದರಲ್ಲಿ ಎಲೆಯಾಕಾರದ ಕಾಗದಗಳು, ಕೃತಜ್ಞತೆ ಬರೆದು ದಾರಕ್ಕೆ ನೇತು ಹಾಕಲು. ಟರ್ಕಿ ಕೋಳಿಯ ಬದಲು ಸುಟ್ಟ ಕೋಳಿ ತರಿಸಿದಳು, ಆಲೂಗಡ್ಡೆ ಬೇಯಿಸಿ ಬೆಣ್ಣೆ ಹಾಕಿ ಮೆತ್ತಗೆ ನಾದಿದಳು. ನಾನು ಏನು ಹೇಳಬೇಕು ಎಂದು ಅವಳೇ ಇಂಗ್ಲಿಷಿನಲ್ಲಿ ಬರೆದು ಕೈಗೆ ಕೊಟ್ಟಳು. ಅಜ್ಜಿಯ ಒಂದು ಫೋಟೋವನ್ನೂ ಮೊದಲೇ ಕಳಿಸಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ, ಅಲ್ಲಿ ಅವರಿಗೆ ಹಿಂದಿನ ಸಂಜೆ. ನನಗೆ ಆ ವಾರ ಮನೆಯಿಂದಲೇ ಪಾಠ, ಅಪ್ಪ ರಜೆ ಹಾಕಿದ್ದ. ಅಮ್ಮ ಅಜ್ಜಿಯ ಕೋಣೆಯಲ್ಲಿದ್ದ ತನ್ನ ಆಫೀಸನ್ನು ಎತ್ತಿ ತಂದು ಊಟದ ಮೇಜಿನ ಮೇಲೆ ಇಟ್ಟಿದ್ದಳು. ತೆರೆಯ ತುಂಬ ಚೌಕ ಚೌಕ ಮುಖಗಳು, ಪ್ರತಿ ಮುಖದ ಮುಂದೆ ಬೆಳಗಿನ ಹೊತ್ತಿನಲ್ಲಿ ತಿನ್ನಬಾರದ ಊಟ. ಒಬ್ಬರು ಲಸಿಕೆಗೆ ಕೃತಜ್ಞರು. ಒಬ್ಬರು ತಮ್ಮ ಟೀಮಿಗೆ. ಒಬ್ಬ ಹುಡುಗನಿಗೆ ಮಾತು ಬರದೆ ತಡವರಿಸಿದಾಗ ಯಾರೋ "ಡೋಂಟ್ ಬಿ ಶೈ ಲಾ" ಅಂದರು, ಅವನು ಇಂಟರ್ನೆಟ್ಟಿಗೆ ಕೃತಜ್ಞ ಅಂದ. ಪ್ರತಿಯೊಬ್ಬರ ಮಾತಿಗೂ ತೆರೆಯ ಮೇಲೆ ಚಪ್ಪಾಳೆಯ ಚಿತ್ರಗಳು ಹಾರಿದವು. ಆಮೇಲೆ ತೀರಿಕೊಂಡವರ ಫೋಟೋಗಳು. ಹಿಂದೆ ಪಿಯಾನೋ. ಟೋಪಿ ಹಾಕಿದ ಒಬ್ಬ ಮುದುಕರು, ಒಬ್ಬ ಎಳೆಯ ಹೆಂಗಸು, ಅವಳ ನಂತರ ಅಜ್ಜಿ.

ದೊಡ್ಡಪ್ಪನ ಮಗಳ ಮದುವೆಯಲ್ಲಿ ತೆಗೆದ ಫೋಟೋ. ಪಕ್ಕದಲ್ಲಿದ್ದವರನ್ನೆಲ್ಲ ಕತ್ತರಿಸಿದ್ದರಿಂದ ಯಾರದೋ ಕೈಯೊಂದು ಅವಳ ಹೆಗಲ ಮೇಲೆ ಉಳಿದಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಹೆಸರು, ಅದರ ಕೆಳಗೆ, ಕುಟುಂಬದವರ ನಡುವೆ ಶಾಂತಿಯಾಗಿ ಕೊನೆಯುಸಿರೆಳೆದರು ಎಂದು ಬರೆದಿತ್ತು. ಯಾವ ಕುಟುಂಬದವರ ನಡುವೆ? ಆ ಕುಟುಂಬದಲ್ಲಿ ನಾನಿದ್ದೆನಾ? ಅವಳ ಮಗ ಇದ್ದನಾ? ನಾನು ಕತ್ತು ತಿರುಗಿಸಿ ಅಮ್ಮನನ್ನು ನೋಡಿದೆ. ಅವಳು ಕ್ಯಾಮೆರಾ ನೋಡಿ ಮುಗುಳ್ನಗುತ್ತಿದ್ದಳು. ಅಷ್ಟರಲ್ಲಿ ಫೋಟೋ ಬದಲಾಯಿತು. ಯಾರದೋ ನಾಯಿ ಬಂತು.

ನಮ್ಮ ಸರದಿ. ಅಮ್ಮ ಮೊಣಕೈಯಿಂದ ತಿವಿದಳು. ನಾನು ಕೈಯಲ್ಲಿದ್ದ ಚೀಟಿ ಓದಲು ಶುರುಮಾಡಿದೆ: ಕಷ್ಟಪಟ್ಟು ಓದಬೇಕೆಂದು ನನಗೆ ಕಲಿಸಿದ ನನ್ನ ಅಜ್ಜಿಗೆ ನಾನು ಕೃತಜ್ಞಳು. ಅಲ್ಲಿಗೆ ನಿಂತುಬಿಟ್ಟೆ. ಅಜ್ಜಿ? ಓದಬೇಕೆಂದು? ಚೀಟಿ ಮಡಚಿ ಆಲೂಗಡ್ಡೆಯ ಬಟ್ಟಲಿಗೆ ಹಾಕಿದೆ. ಆಮೇಲೆ ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ ಹೇಳಿದೆ. ಕನ್ನಡದಲ್ಲಿ ಹೇಳಿದ್ದರೆ ಅಮ್ಮ ಬಚಾವಾಗುತ್ತಿದ್ದಳು. ನನ್ನ ಅಜ್ಜಿ ಸತ್ತದ್ದನ್ನು ಇವರಿಬ್ಬರೂ ನನಗೆ ಹೇಳಲಿಲ್ಲ. ನನಗೆ ಪರೀಕ್ಷೆ ಇತ್ತು ಅಂತ. ನನ್ನ ಜೊತೆ ಕೂತು ಊಟ ಮಾಡಿದರು, ಎಣ್ಣೆ ಇಲ್ಲ ಅಂತ ಸುಳ್ಳು ಹೇಳಿದರು. ನಾನು ಯಾವುದಕ್ಕೂ ಕೃತಜ್ಞಳಲ್ಲ. ನನಗೆ ಸಿಟ್ಟು ಬಂದಿದೆ.

ಚಪ್ಪಾಳೆ ಹಾರಲಿಲ್ಲ. ದೊಡ್ಡ ಮೇಡಂ ಎದೆಯ ಮೇಲೆ ಕೈಯಿಟ್ಟು ತಲೆ ಓರೆ ಮಾಡಿದರು.

"ಥ್ಯಾಂಕ್ ಯೂ ಸೋ ಮಚ್ ಫಾರ್ ಶೇರಿಂಗ್ ದಟ್, ಸ್ವೀಟ್‌ಹಾರ್ಟ್."

ಮುಂದಿನ ಕುಟುಂಬವನ್ನು ಕರೆದರು. ಅಮ್ಮ ಲ್ಯಾಪ್‌ಟಾಪ್ ಮುಚ್ಚಿದಳು.

"ಮಾನ ಕಳೆದ್ಯಲ್ಲೇ! ಇಡೀ ಆಫೀಸಿನ ಮುಂದೆ! ನಾಳೆ ನಾನು ಯಾವ ಮುಖ ಇಟ್ಕೊಂಡು ಮೀಟಿಂಗಿಗೆ ಹೋಗ್ಲಿ?"

"ನೀವು ಸುಳ್ಳು ಹೇಳಿದ್ರಿ. ಇಬ್ಬರೂ."

ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟ. ಕೊಡವಿಬಿಟ್ಟೆ.

"ಪುಟ್ಟ, ಇಲ್ಲಿ ಕೇಳು. ಅಜ್ಜಿನೇ ಹೇಳಿದ್ರು. ಮಗೂಗೆ ಪರೀಕ್ಷೆ ಇದೆ, ಮುಗಿಯೋ ತನಕ ಏನೂ ತಿಳಿಸ್ಬೇಡಿ ಅಂತ. ಅದು ಅವರ ಆಸೆ."

ನನ್ನ ಸಿಟ್ಟು ಆಗ ಏರಿದಷ್ಟು ಮುಂದೆಂದೂ ಏರಿಲ್ಲ. ನನ್ನಿಂದ ಮುಚ್ಚಿಟ್ಟಿದ್ದು ಸಾಲದು ಎಂದು ಈಗ ಆ ಸುಳ್ಳನ್ನು ಸತ್ತವಳ ಬಾಯಿಗೇ ತುರುಕುತ್ತಿದ್ದಾನೆ. ದಾರಕ್ಕೆ ನೇತು ಹಾಕಿದ್ದ ಕಾಗದದ ಎಲೆಗಳನ್ನು ಎಳೆದು ಹರಿದೆ. ಕೋಳಿಯ ತಟ್ಟೆಯನ್ನು ತಳ್ಳಿದೆ, ಅದು ಮೇಜಿನ ಅಂಚಿನಲ್ಲಿ ತೂಗಾಡಿ ನೆಲಕ್ಕೆ ಬಿತ್ತು.

"ಅಜ್ಜಿ ಪರೀಕ್ಷೆ ಅಂದಳಾ? ನಮ್ಮ ಅಜ್ಜಿ? ಯಾವ ಬಾಯಲ್ಲಿ ಹೇಳ್ತೀಯಪ್ಪ ಇದನ್ನ?"

ಮಾತಾಡಿದ್ದು ಅಮ್ಮ. ಬಾಗಿ ಕೋಳಿಯನ್ನು ಎತ್ತುತ್ತಿದ್ದವಳು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಳು.

"ಸಾಕು ಬಿಡಿ ರೀ. ಅವಳಿಗೆ ಗೊತ್ತಾಗಲ್ವಾ?" ಆಮೇಲೆ ನನ್ನ ಕಡೆ ತಿರುಗದೆ ಹೇಳಿದಳು: "ಅತ್ತೆ ಹಾಗೆ ಹೇಳ್ಲಿಲ್ಲ ಕಣೆ. ಹೋದ ದಿನ ಬೆಳಿಗ್ಗೆ ಫೋನ್ ಮಾಡಿದ್ರು. ಉಸಿರು ಎಳೀತಿತ್ತು. ಕೂಸಿಗೆ ಫೋನ್ ಕೊಡು ಅಂದ್ರು. ನೀನು ಮೇಲೆ ಹೆಡ್‌ಫೋನ್ ಹಾಕ್ಕೊಂಡು ಓದ್ತಿದ್ದೆ. ಆಮೇಲೆ ಕೊಡ್ತೀನಿ ಅತ್ತೆ ಅಂದೆ. ಬೇಗ ಕೊಡೇ ಅಂತ ಬೈದ್ರು. ನಾನು ಇಟ್ಬಿಟ್ಟೆ."

ನಾನು ಅವಳನ್ನು ಏನೆಲ್ಲ ಬೈದೆನೋ ಬರೆಯುವುದಿಲ್ಲ. ಅಜ್ಜಿಯಿಂದ ಕಲಿತ ಬೈಗುಳಗಳೇ ಅವು, ಒಂದೂ ಬಾಕಿ ಉಳಿಯಲಿಲ್ಲ. ಅವಳು ಎಲ್ಲವನ್ನೂ ಕೂತು ಕೇಳಿದಳು. ಗೋಡೆಯಾಚೆ ಸರೋಜಾ ಆಂಟಿಯ ಟಿವಿ ಸದ್ದು ಕಡಿಮೆಯಾಯಿತು. ಸಾಕಷ್ಟು ಕೂಗಿ ಗಂಟಲು ಕಟ್ಟಿದ ಮೇಲೆ ನಾನು ಅಪ್ಪನ ಮುಂದೆ ನಿಂತೆ. ಕೊನೆಗೆ ಅವನೇ ಬಾಯಿಬಿಟ್ಟ.

"ಪರೀಕ್ಷೆಗೋಸ್ಕರ ಅಲ್ಲ ಪುಟ್ಟ. ಅದೊಂದು ನೆಪ. ನಿಂಗೆ ಹೇಳಿದ್ರೆ ನೀನು ಅಳ್ತೀಯ. ನೀನು ಅತ್ರೆ ನಾನೂ ಅಳಬೇಕಾಗುತ್ತೆ. ಆವತ್ತು ಹಡಗು ಬಂದಿತ್ತು. ಕೆಲಸ ನಿಲ್ಲಿಸಕ್ಕೆ ಆಗ್ತಿರ್ಲಿಲ್ಲ. ಅಲ್ಲಿಗೆ ಹೋಗಕ್ಕೂ ಆಗ್ತಿರ್ಲಿಲ್ಲ. ಅತ್ತು ಏನ್ ಮಾಡ್ಲಿ ಅಂತ..."

"ಅಜ್ಜಿ ಹೇಗೆ ಸತ್ತಳು, ಅದನ್ನ ಹೇಳು."

"ಶಾಂತಿಯಾಗಿ..."

"ಅಪ್ಪ!"

ಅವನು ಕುರ್ಚಿಯಲ್ಲಿ ಕೂತ. ಇಸ್ತ್ರಿ ಮಾಡಿದ ಅಂಗಿಯ ಕೊರಳ ಗುಂಡಿ ಬಿಚ್ಚಿದ. ನಾನು ಎದುರಿನ ಕುರ್ಚಿ ಎಳೆದುಕೊಂಡು ಅವನ ಮಂಡಿಗೆ ಮಂಡಿ ತಾಗುವಂತೆ ಕೂತೆ, ಎದ್ದು ಹೋಗದ ಹಾಗೆ.

"ಬೆಡ್ ಸಿಗ್ಲಿಲ್ಲ. ನಿಂಗೆ ಸಿಕ್ತು ಅಂದಿದ್ದೆ, ಸಿಗ್ಲಿಲ್ಲ. ದೊಡ್ಡಪ್ಪ ಕಾರಲ್ಲಿ ಹಿಂದಿನ ಸೀಟಲ್ಲಿ ಮಲಗಿಸ್ಕೊಂಡು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸುತ್ತಿದ. ನಂಗೆ ಫೋನ್ ಮಾಡಿ ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟಿದ್ದ. ನಾನು ಬಂದರಿನ ಆಫೀಸ್ ಹೊರಗೆ ನಿಂತ್ಕೊಂಡು ಕೇಳ್ತಿದ್ದೆ."

"ಏನು ಕೇಳಿಸ್ತು?"

"ಬೈತಾ ಇದ್ರು. ದೊಡ್ಡಪ್ಪನ್ನ."

"ಏನಂತ?"

ಅವನು ನನ್ನನ್ನು ನೋಡಿದ. ಆಮೇಲೆ ಅವನ ಬಾಯಿಂದ ಬಂದದ್ದು ಅಜ್ಜಿಯದೇ ದನಿ, ಅಜ್ಜಿಯದೇ ಎಳೆತ.

"'ಬೇವರ್ಸಿ, ನನ್ನೇನ್ ಮೆರವಣಿಗೆ ಮಾಡ್ತಿದ್ದೀಯೇನ್ಲಾ? ಊರೆಲ್ಲ ಸುತ್ತಿಸ್ತಾವ್ನೆ! ಮನೆಗೆ ತಿರುಗ್ಸ್ಲಾ ಕಾರ! ನಂಗೆ ಕಾಪಿ ಬೇಕು!'"

ನನಗೆ ನಗು ಬಂತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ನಗು ಬಂತು. ಇವಳು ನನ್ನ ಅಜ್ಜಿ. ಪಿಯಾನೋ ಜೊತೆ ಬಂದು ಹೋದವಳು ಯಾರೋ.

"ಆಮೇಲೆ?"

"ಆಮೇಲೆ ಕೆಮ್ಮು. ಅಣ್ಣ ಒಂದು ಆಸ್ಪತ್ರೆ ಗೇಟಲ್ಲಿ ಲೈನಲ್ಲಿ ನಿಂತಿದ್ದ. ಮುಂದೆ ಇನ್ನೂ ಕಾರುಗಳಿದ್ವು. ನಿನ್ನ ಹೆಸರು ಕೂಗಿದ್ರು. ನನ್ನ ಹೆಸರು ಹಿಡ್ದು ಬೈದ್ರು, ಬರ್ಲಿಲ್ಲವಲ್ಲ ಅಂತ. ಬಂದೆ ಅವ್ವ, ಬರ್ತಿದ್ದೀನಿ ಅಂದೆ. ಸುಳ್ಳು ಬೊಗಳ್ಬೇಡ ಅಂದ್ರು. ಆಮೇಲೆ ಬೈಯೋದು ನಿಂತ್ಹೋಯ್ತು. ಅಣ್ಣ ಅವ್ವಾ ಅವ್ವಾ ಅಂತ ಕರೀತಿದ್ದ. ಅಷ್ಟೇ. ಅಜ್ಜಿ ಹೋಗ್ಬಿಟ್ರು."

"ಸತ್ತಳು ಅನ್ನು."

"ಪುಟ್ಟ..."

"ಅಜ್ಜಿ ಆಗಿದ್ರೆ ಹಾಗೇ ಅಂತಿದ್ದಳು. ಹೋಗ್ಬಿಟ್ರು ಅಂತ ಅವಳು ಯಾವತ್ತಾದ್ರೂ ಹೇಳಿದ್ದನ್ನ ಕೇಳಿದ್ದೀಯಾ? ನೀನೂ ಸರಿಯಾಗಿ ಹೇಳು. ಮೊದಲಿಂದ ಹೇಳು."

"ಇನ್ನೊಂದ್ಸಲಾನಾ?"

"ಇನ್ನೊಂದು ಸಲ. ನಾನು ಒಂದೇ ಸಲ ಕೇಳಿರೋದು."

ಅಮ್ಮ ಕೈ ತೊಳೆದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ನಾನು ಅವಳ ಕಡೆ ನೋಡಲಿಲ್ಲ. ಬಹಳ ದಿನ ಸರಿಯಾಗಿ ನೋಡಲಿಲ್ಲ. ಫೋನಿನ ವಿಷಯ ನಮ್ಮಿಬ್ಬರ ನಡುವೆ ಇವತ್ತಿಗೂ ಬಗೆಹರಿದಿಲ್ಲ, ಬಗೆಹರಿಯಬೇಕೆಂದು ನನಗೆ ಅನ್ನಿಸಿಯೂ ಇಲ್ಲ. ಆದರೆ ಎದ್ದು ಹೋಗು ಎಂದೂ ಹೇಳಲಿಲ್ಲ.

ಅಪ್ಪ ಮೊದಲಿನಿಂದ ಶುರುಮಾಡಿದ. ಈ ಸಲ ಜ್ವರ ಬಂದ ದಿನದಿಂದ ಹೇಳಿದ. ಕಾರು, ಹಿಂದಿನ ಸೀಟು, ಮೆರವಣಿಗೆ, ಕಾಪಿ. ಅಣ್ಣ ಅವ್ವಾ ಅವ್ವಾ ಎಂದು ಕರೆದದ್ದು. ಅಲ್ಲಿಗೆ ಬಂದು, "ನಮ್ಮವ್ವ ಸತ್ತೋ..." ಅಂದ. ಅವನಿಗೆ ಮುಂದಕ್ಕೆ ಆಗಲಿಲ್ಲ. ಬಂದರಿನ ಆಫೀಸಿನ ಹೊರಗೆ ನಿಂತಾಗ ಬರಬೇಕಾಗಿದ್ದ ಅಳು ಈಗ ಬಂತು. ಅಷ್ಟು ದೊಡ್ಡ ಗಂಡಸು ಬಾಯಿ ತೆರೆದು ಅಳುವುದನ್ನು ನಾನು ಕಂಡಿರಲಿಲ್ಲ. ನನ್ನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಆದರೂ ಅವನ ಎರಡೂ ಕೈಗಳನ್ನು ಹಿಡಿದುಕೊಂಡೇ ಕಾದೆ.

"ಪೂರ್ತಿ ಹೇಳಪ್ಪ" ಅಂದೆ.